ಸಾಹೇಬ್ರು ಊರಾಗಿಲ್ರಿ

ಇದನ್ನು ಹೇಳುವುದನ್ನು ಮುಂದೂಡುತ್ತಲೇ ನನಗೂ ವಯಸ್ಸಾಯಿತು. ನಮ್ಮ ಸಾಹೇಬರ ಕೆಮ್ಮು ಈಗಲೂ ಕಿವಿಯಲ್ಲಿದೆ: ಎರಡು ಗಿಡ್ಡ, ಆಮೇಲೆ ಒಂದು ಉದ್ದ. ಕೊಟ್ಟೂರಿನ ಮನೆಯ ಒಳಕೋಣೆಯಲ್ಲಿ ಕೆಮ್ಮಿದರೆ ಬೀದಿಯ ಗೇಟಿಗೆ ಕೇಳುತ್ತಿತ್ತು.

ಅವರು ಚುನಾವಣೆಯ ಮೇಲೆ ಚುನಾವಣೆ ಗೆದ್ದು ಬಹುಕಾಲ ಸಂಸತ್ತಿನಲ್ಲಿ ಕುಳಿತವರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಅವರ ಕಾಗದಪತ್ರ, ಗೇಟಿಗೆ ಬಂದವರನ್ನು ನೋಡಿಕೊಳ್ಳಲು ಸೇರಿದವನು. ಹಡಗಲಿಯಿಂದ ಅರ್ಜಿ ಬರಲಿ, ತಂಬ್ರಹಳ್ಳಿಯಿಂದ ಬರಲಿ, ಉತ್ತರದ ಕಾರ್ಡನ್ನು ತಾವೇ ಬರೆಯುತ್ತಿದ್ದರು. ಆಗದ ಕೆಲಸಕ್ಕೆ ಆಗುವುದಿಲ್ಲ ಎಂದೇ ಬರೆಯುತ್ತಿದ್ದರು. ಮೊದಲ ದಿನವೇ ನನಗೆ ಹೇಳಿದ್ದರು: "ನಾ ಮನ್ಯಾಗಿದ್ರ ಅದಾರ ಅನ್ನು. ಊರಾಗಿಲ್ಲ ಅಂತ ಸುಳ್ಳು ಹೇಳಿದ್ಯೋ, ಓಟು ಹಾಕಿದವ್ರ ಮುಂದ ನಾ ಕಳ್ಳ ಆಗ್ತೀನಿ."

ಅಂಥವರನ್ನು 'ಲೇ' ಎನ್ನುತ್ತಿದ್ದವನು ಒಬ್ಬನೇ, ಕಂಬಳಿ ನೇಯುವ ತೆಲಿಗಿಯ ಅಜ್ಜ. ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು. ಸರ್ಕಾರ ಸಾಹೇಬರನ್ನು ಚಳಿದೇಶವೊಂದಕ್ಕೆ ರಾಯಭಾರಿಯಾಗಿ ನೇಮಿಸಿದಾಗ ಅಜ್ಜ ಬಂದು ನಗಾಡಿದ್ದ.

"ಕಂಬಳಿ ನೇದು ಕೊಡ್ತೀನಿ, ಹೊತ್ಕೊಂಡು ಹೋಗಲೇ. ಕುರಿ ವಾಸನಿಗೆ ಆ ದೇಶದೋರು ಓಡಿಸಿದ್ರ ನನ್ನ ಬೈಬ್ಯಾಡ."

"ಓಡಿಸಿದ್ರ ನಿನ್ನ ಮನಿಗೇ ಬರ್ತೀನಿ ತಗೋ."

ಹೊರಡುವ ದಿನ ಪಡಸಾಲೆಯ ತುಂಬ ಅಧಿಕಾರಿಗಳು, ಹಾರಗಳು, ಕ್ಯಾಮೆರಾಗಳು. ಅಜ್ಜ ಧೂಳುಗಾಲಿನಲ್ಲಿ ಕಂಬಳಿ ಹೊತ್ತು ಗೇಟಿಗೆ ಬಂದ. ಇವನು ಒಳಗೆ ಹೋಗಿ ಎಲ್ಲರೆದುರು 'ಲೇ' ಅಂದರೆ ಗತಿ ಏನು ಎಂದುಕೊಂಡೆ. ನಾಚಿಕೆ ಸಾಹೇಬರದಲ್ಲ, ನನ್ನದು.

"ಸಾಹೇಬ್ರು ಊರಾಗಿಲ್ರಿ ಅಜ್ಜ. ದಿಲ್ಲಿಗೆ ಹೋಗ್ಯಾರ."

ಅಷ್ಟರಲ್ಲಿ ಒಳಗಿನಿಂದ ಎರಡು ಗಿಡ್ಡ, ಒಂದು ಉದ್ದ.

"ಹಂಗಾದ್ರ ಕೆಮ್ಮಿದ್ದು ಯಾರಪ್ಪಾ?"

ನಾನು ಗೇಟಿನ ಚಿಲಕ ಹಾಕಿದೆ.

"ಹಂಗನ್ನು ಅಂತ ಅಂವನೇ ಹೇಳ್ಯಾನೇನು?"

ನಾನು ಇಲ್ಲ ಎನ್ನಲಿಲ್ಲ. ಅಜ್ಜ ಕಂಬಳಿಯನ್ನು ಮತ್ತೆ ಹೆಗಲಿಗೇರಿಸಿ ಹೊರಟುಹೋದ.

ಕಾರು ಹತ್ತುವಾಗ ಸಾಹೇಬರು, "ತೆಲಿಗಿಯಿಂದ ಯಾರೂ ಬರ್ಲಿಲ್ಲೇನು?" ಎಂದರು. ಇಲ್ರಿ ಎಂದೆ. "ಮರ್ತಾನ ಮಗ" ಎಂದು ನಕ್ಕರು. ಆದರೂ ಕಾರು ತಿರುವು ದಾಟುವವರೆಗೆ ಅವರ ಕಣ್ಣು ರಸ್ತೆಯ ಮೇಲೇ ಇತ್ತು.

ಆ ದೇಶದಿಂದ ನನಗೆ ಬರೆದರು: "ಇಲ್ಲಿ ಚಳಿ ಬಹಳ. ತೆಲಿಗಿಯವನಿಗೆ ಹಾಕಿದ ಕಾಗದಕ್ಕೆ ಉತ್ತರವಿಲ್ಲ. ಯಾಕೆ ಸಿಟ್ಟಾಗಿದ್ದಾನೆ, ಕೇಳಿ ತಿಳಿಸು." ನಾನು ತೆಲಿಗಿಗೆ ಹೋಗಲಿಲ್ಲ. ಅಜ್ಜ ಆರಾಮಾಗಿದ್ದಾನೆ ಎಂದು ಬರೆದು ಹಾಕಿದೆ.

ಎರಡನೆಯ ಚಳಿಗಾಲ ಕಳೆಯುವ ಮುನ್ನ ಸಾಹೇಬರ ದೇಹ ಊರಿಗೆ ಬಂತು. ಅಜ್ಜ ಅದೇ ಕಂಬಳಿ ಹೊತ್ತು ಗೇಟಿನ ಮುಂದೆ ನಿಂತಿದ್ದ.

"ಇವತ್ತರ ಊರಾಗ ಅದಾನೇನಪ್ಪಾ?"

"ಅದಾರ್ರಿ" ಎಂದು ಪಕ್ಕಕ್ಕೆ ಸರಿದೆ.

ಅಜ್ಜ ಒಳಗೆ ಹೋಗಿ ಹಾರಗಳ ಮೇಲೆಯೇ ಕಂಬಳಿ ಹೊದಿಸಿದ. ತುದಿಯನ್ನು ಕಾಲಿನವರೆಗೆ ಎಳೆದ. "ಈಗ ಯಾಕ ಕೆಮ್ಮವಲ್ಲಿ, ಲೇ?" ಎಂದ.

ನಿನ್ನ ಗೆಳೆಯ ಬಾಗಿಲು ಹಾಕಿಸಿರಲಿಲ್ಲ, ಹಾಕಿದವನು ನಾನು ಎಂದು ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ಗೆಳೆಯನೇ ಹಾಕಿಸಿದ್ದೆಂದು ನಂಬಿಕೊಂಡು ಅಜ್ಜನೂ ತೀರಿಹೋದ. ಸಾಹೇಬರ ಪಟದ ಮುಂದೆ ಎಷ್ಟೋ ಸಲ ತಪ್ಪಾಯಿತು ಅಂದಿದ್ದೇನೆ. ಅನ್ನದೇ ಉಳಿದದ್ದು ತೆಲಿಗಿಯ ಕಂಬಳಿ ಅಜ್ಜನಿಗೆ.