ಕಂಬಳಿ ಹುಳದ ಕಾವಲು

ಮೊನ್ನೆ ಮೊಮ್ಮಗಳು ಒಂದು ಗಾಜಿನ ಬಾಟಲಿ ತಂದು ನನ್ನ ಮುಂದಿಟ್ಟಳು. ಉಪ್ಪಿನಕಾಯಿ ಇರಬೇಕೆಂದು ಮುಚ್ಚಳಕ್ಕೆ ಕೈ ಹಾಕಿದೆ, ಗದರಿಸಿದಳು. ಒಳಗೆ ಹೆಪ್ಪುಗಟ್ಟಿದ ಗಂಜಿಯಂಥದೇನೋ, ಅದರಲ್ಲಿ ಬೆರಳುದ್ದದ ನುಗ್ಗಿ ಸಸಿ. ಅವಳು ಕೆಲಸ ಮಾಡುವ ಕಡೆ ಗಿಡದ ಎಳೆ ಕುಡಿಯನ್ನು ತೊಳೆದು, ಸಕ್ಕರೆ ಸತ್ವ ಬೆರೆಸಿದ ಇಂಥ ಗಂಜಿಯಲ್ಲಿಟ್ಟು ಬೆಳೆಸುತ್ತಾರಂತೆ. ಒಂದೇ ಕುಡಿಯಿಂದ ಊರಿಗಾಗುವಷ್ಟು ಸಸಿ, ಎಲ್ಲವೂ ತಾಯಿಯ ತದ್ರೂಪ. ಟಿಶ್ಯೂ ಕಲ್ಚರ್ ಅನ್ನುತ್ತಾರೆ. ಮುಚ್ಚಳ ತೆಗೆದರೆ ಬೂಷ್ಟು ಹಿಡಿದು ಸಾಯುತ್ತದೆ.

ನಾನು ಸಾಲಿ ಕಂಡದ್ದು ಎರಡನೇ ಇಯತ್ತೆವರೆಗೆ. ಅದೆಲ್ಲ ನನ್ನ ತಲೆಗೆ ಹತ್ತಲಿಲ್ಲ. ನನ್ನ ಕಣ್ಣು ನೆಟ್ಟದ್ದು ಬೇರಿನ ಮೇಲೆ. ಗಾಜಿನೊಳಗೆ ಬೆಳ್ಳಗೆ, ನನ್ನ ಕೂದಲಿನ ಹಾಗೆ ಕಾಣುತ್ತಿತ್ತು. ಬೇರು ಹೀಗೆ ಹೊರಗೇ ಕಂಡಿದ್ದರೆ ನಮ್ಮ ಅತ್ತೆ ಅಂಥ ಸುಳ್ಳು ಹೇಳಬೇಕಾಗಿರಲಿಲ್ಲ.

ನಾನು ಕುಲಗೋಡಕ್ಕೆ ಸೊಸೆಯಾಗಿ ಬಂದ ಹೊಸದು. ದೇಶಕ್ಕೆ ಸ್ವಾತಂತ್ರ್ಯ ಬಂದು ನಾಲ್ಕಾರು ವರ್ಷವಾಗಿತ್ತು, ನನಗೆ ಬಂದಿರಲಿಲ್ಲ. ಅತ್ತೆಯ ತವರು ಹತ್ತರಗಿ. ಅಲ್ಲಿಯ ನುಗ್ಗಿ ಗಿಡವೇ ಅವರಿಗೆ ದವಾಖಾನೆ: ಮೊಣಕಾಲಿಗೆ ಅದರ ಸೊಪ್ಪು, ಬಾಣಂತಿಯ ಹಾಲಿಗೆ ಅದರ ಸೊಪ್ಪು, ಎದುರು ಮಾತಾಡುವ ಸೊಸೆಗೂ ಅದರ ಪಲ್ಯ. ನನಗೆ ಮಾತ್ರ ಗುಣವಾಗಲಿಲ್ಲ.

ಅತ್ತೆಯ ತಮ್ಮ ಕೊಟ್ಟಿಗೆ ಕಟ್ಟಲು ಆ ಗಿಡ ಕಡಿಸಿದನೆಂದು ಸುದ್ದಿ ಬಂತು. ನನ್ನನ್ನೂ ಎಳೆದುಕೊಂಡು ಓಡಿದರು. ನಾವು ಮುಟ್ಟುವಷ್ಟರಲ್ಲಿ ಆಡುಗಳು ಎಲ್ಲವನ್ನೂ ಸುಲಿದು ತಿಂದು, ಆಳೆತ್ತರದ ಒಂದೇ ಟೊಂಗೆ ಉಳಿಸಿದ್ದವು. ಅತ್ತೆ ಅಳಲಿಲ್ಲ. ಹೊರಡುವಾಗ ತಮ್ಮನ ಹೆಂಡತಿ ಅತ್ತೆಗೆ ಉಡಿ ತುಂಬಲು ಬಂದಳು. ಟೊಂಗೆಗೂ ಕುಂಕುಮ ಹಚ್ಚಿಸಿಕೊಂಡೇ ಹೊರಟರು.

ಬಸ್ಸಿನಲ್ಲಿ ಕಂಡಕ್ಟರ್, "ಅಮ್ಮಾರ, ಕಟಗಿ ಮ್ಯಾಲ ಹಾಕ್ರಿ," ಎಂದ.

"ಕಟಗಿ ಅಲ್ಲೋ ಅದು. ನಮ್ಮ ತವರಮನಿ ಹೆಣ್ಣ. ಕುಂಡ್ರಾಕ ಜಾಗಾ ಕೊಡು."

ಹೆಣ್ಣಾದರೆ ಟಿಕೀಟು ತೆಗೆಸಿ ಎಂದ ಅವನು. ಅದು ಇನ್ನೂ ಮೊಲೆ ಕುಡಿಯುವ ಕೂಸು ಎಂದರು ಅತ್ತೆ. ಗೋಕಾಕದವರೆಗೂ ಆ ಕೂಸು ನನ್ನ ಪಕ್ಕೆಗೆ ತಿವಿಯುತ್ತಲೇ ಇತ್ತು.

ಬಚ್ಚಲ ನೀರು ಹರಿಯುವ ಕಡೆ ನೆಟ್ಟು, ಮೇಲಿನ ತುದಿಗೆ ಸಗಣಿ ಮೆತ್ತಿದರು. ಚಿಗುರಿತು. ಅತ್ತೆ ಓಣಿಗೆಲ್ಲ ಸಾರಿದರು. ಅಲ್ಲಿಗೇ ಕೆಟ್ಟಿತು. ನುಗ್ಗಿ ಟೊಂಗೆ ಬೇರಿಲ್ಲದಿದ್ದರೂ ಮೈಯೊಳಗಿನ ನೀರಿನಿಂದಲೇ ಚಿಗುರುತ್ತದೆ, ಇದು ಓಣಿಯವರಿಗೆಲ್ಲ ಗೊತ್ತು. ಹಾಗಾಗಿ ನೋಡಲು ಬಂದವರೆಲ್ಲ ಬೇರು ಹಿಡಿದಿದೆಯೋ ಇಲ್ಲವೋ ಎಂದು ಒಂದೊಂದು ಸಲ ಅಲುಗಿಸಿಯೇ ಹೋಗುತ್ತಿದ್ದರು. ಬಿಟ್ಟ ಎಳೆ ಬೇರು ಹರಿಯದೆ ಉಳಿದೀತೇ, ನೀವೇ ಹೇಳಿ. ಚಿಗುರು ಜೋತುಬಿತ್ತು. ಅತ್ತೆ ಮಾತು ಬಿಟ್ಟರು. ಮೊದಲು ನನಗೆ ಹಬ್ಬವೆನಿಸಿತು. ರೊಟ್ಟಿಯನ್ನೂ ಬಿಟ್ಟಾಗ ಅಂಜಿಕೆಯಾಯಿತು.

ಒಂದು ಮುಂಜಾನೆ ಅವರು ಎರಡೂ ಕೈ ಕೆಂಪಗಾಗುವ ಹಾಗೆ ಕೆರೆದುಕೊಳ್ಳುತ್ತ ಓಣಿಗೆ ಬಂದರು.

"ಹಿತ್ತಲಕ ಬರಬ್ಯಾಡ್ರೆವಾ. ನುಗ್ಗಿಗೆ ಕಂಬಳಿ ಹುಳ ಬಿದ್ದಾವ."

ನನಗೊಂದೂ ಕಾಣಲಿಲ್ಲವಲ್ಲ ಎಂದೆ.

"ನಿನಗ ಕಣ್ಣೆಲ್ಲಿ ಅದಾವ? ಬಾಯಿ ಅಷ್ಟ ಐತಿ. ಕೆರಕೋ."

ಕೆರೆದುಕೊಂಡೆ. ಹಿತ್ತಲ ಕಡೆ ಹಾಯದ ಬಾಜೂ ಮನೆಯ ಗಂಗವ್ವ ಕೂಡ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಕೂತಳು. ಆಮೇಲೆ ಯಾರೂ ಮುಟ್ಟಲಿಲ್ಲ. ಬೇರು ಹಿಡಿಯಿತು. ಮುಂದಿನ ಮಳೆಗಾಲಕ್ಕೆ ಗಿಡ ಮಾಳಿಗೆ ಮುಟ್ಟಿದಾಗ ಖರೆಖರೆ ಕಂಬಳಿ ಹುಳ ಬಂದವು. ಊರಲ್ಲಿ ಅದಕ್ಕೆ ಬೆರಗಾದವರು ಅತ್ತೆ ಒಬ್ಬರೇ.

ಹೆಂಡತಿಗೆ ಮೊಣಕಾಲು ನೋವು ಹತ್ತಿದಾಗ ಅತ್ತೆಯ ತಮ್ಮನೇ ಟೊಂಗೆ ಕೇಳಿಕೊಂಡು ಬಂದ. ಅತ್ತೆ ಕೊಟ್ಟರು, ಕುಂಕುಮ ಹಚ್ಚಿಯೇ ಕೊಟ್ಟರು. ಆಡು ಬಾಯಿ ಹಾಕಿದರೆ ಕೊಟ್ಟಿಗೆ ಕೆಡವುತ್ತೇನೆ ಎಂದೂ ಹೇಳಿ ಕಳಿಸಿದರು.

ಅತ್ತೆ ನೆಟ್ಟ ಗಿಡ ಮುರಿದಾಗ ಅದರ ಟೊಂಗೆ, ಅದು ಮುರಿದಾಗ ಇನ್ನೊಂದು, ಹೀಗೆ ನಮ್ಮ ಹಿತ್ತಲಲ್ಲಿ ಉಳಿದುಬಂದಿದೆ. ಈಗಿನದೂ ಪೊಳ್ಳಾಗಿದೆ. ಈ ಬಾಟಲಿಯ ಕುಡಿ ಯಾರ ಮನೆಯದೆಂದು ಮೊಮ್ಮಗಳನ್ನು ಕೇಳಿದೆ.

"ನಮ್ಮ ಹಿತ್ತಲದ್ದ, ಆಯಿ. ನೀ ಬೈತಿ ಅಂತ ಕೇಳದ ಕಿತ್ತೆ."

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಗಂಗವ್ವನ ಸೊಸೆ ಬಂದು ಬಾಟಲಿ ಎತ್ತಿ, ಬೆಳಕಿಗೆ ಹಿಡಿದು ಅಲುಗಿಸಿ, ಮುಚ್ಚಳಕ್ಕೆ ಕೈ ಹಾಕಿದಳು.

"ಇಡವಾ ಕೆಳಗ. ಕಂಬಳಿ ಹುಳ ಅದಾವ," ಎಂದೆ.

ಮುಚ್ಚಿದ ಗಾಜಿನೊಳಗೆ ಹುಳ ಎಲ್ಲಿಂದ ಬಂತೆಂದು ಅವಳು ಕೇಳಲಿಲ್ಲ. ಮೆಲ್ಲಗೆ ಇಟ್ಟು, ಮುಂಗೈ ಕೆರೆದುಕೊಳ್ಳುತ್ತ ಹೋದಳು.