ತೂಬು ಮುಚ್ಚದ ಕಾದಂಬರಿ

ದೀಪಾಂಜಲಿ ನಗರದ ಚಿಕ್ಕಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ರಿಟೈರಾದ ಮೇಲೆ ಕಾದಂಬರಿ ಬರೆಯಲು ಕೂತ. ಕಾರಣ ಮಗ ಮಧುಕುಮಾರ್. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಒಂದರಲ್ಲಿ ಇಸ್ತ್ರಿ ಮಾಡುತ್ತಿದ್ದ ಹುಡುಗ, ಮಳೆಯ ಸಂಜೆ ಮನೆಗೆ ಬರುವಾಗ ಊರ ಕೊಳಚೆ ಹರಿಯುವ ರಾಜಕಾಲುವೆಗೆ ಬೈಕಿನ ಸಮೇತ ಬಿದ್ದ. ಬೈಕು ಕಾಲುವೆಯ ಕೆಳಗೆ, ಜ್ಞಾನಭಾರತಿಯ ಹತ್ತಿರ ಸಿಕ್ಕಿತು. ಅವನು ಸಿಗಲಿಲ್ಲ.

ಹೆಣ ಕಾಣದೆ ಕಾರ್ಯ ಮಾಡುವುದಿಲ್ಲ ಎಂದ ಚಿಕ್ಕಣ್ಣ. ದರ್ಭೆಯ ಬೊಂಬೆ ಮಾಡಿ ಸುಡೋಣ ಎಂದ ನೆಂಟರ ಮುಂದಿನಿಂದ ಎದ್ದು ಹೋದ. ಪಿತೃಪಕ್ಷದಲ್ಲಿ ಹಿರಿಯರಿಗೆಲ್ಲ ಎಡೆ ಇಟ್ಟರೂ ಮಗನ ಹೆಸರಿಗೆ ಎಲೆ ಹಾಕಗೊಡಲಿಲ್ಲ. ಹೆಂಡತಿ ಯಶೋದಮ್ಮನಿಗೆ ಅದೇ ಸಂಕಟ. ಮಗು ಎಲ್ಲೋ ಹಸಿದುಕೊಂಡು ಅಲೆಯುತ್ತಿದೆ ಎಂದು ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಚಿಕ್ಕಣ್ಣನ ವಂಶದವರು ಊರ ಕೆರೆಯ ನೀರುಗಂಟಿಗಳು. ಏರಿಯ ಕೆಳಗಿನ ತೂಬು ತೆಗೆದು ಗದ್ದೆಗೆ ನೀರು ಬಿಡುವುದು, ಸಾಕಾದಾಗ ಮುಚ್ಚುವುದು ಅವರ ಕೆಲಸ. ಆ ಕೆರೆ ಈಗ ಲೇಔಟು. ಕಾದಂಬರಿಯಲ್ಲಿ ಮಾತ್ರ ತುಂಬಿ ನಿಂತಿದೆ. ಪಾಳೇಗಾರರ ಕಾಲದ ನೀರುಗಂಟಿ ಲಿಂಗಪ್ಪ ತೂಬು ತೆಗೆಯುತ್ತಾನೆ. ನಮ್ಮ ಕಾಲದ ಕಾಲುವೆಗೆ ಬಿದ್ದ ಹುಡುಗನೊಬ್ಬ ಆ ತೂಬಿನೊಳಗೆ ನುಸುಳಿ, ಇನ್ನೂರು ವರ್ಷ ಮುಂದಕ್ಕೆ ಹೋಗಿ ತಲೆ ಎತ್ತುತ್ತಾನೆ. ಅಲ್ಲಿ ಯಂತ್ರಗಳು ಆ ಕೊಳಚೆ ಕಾಲುವೆಯನ್ನು ತೊಳೆದು ತಿಳಿಮಾಡಿವೆ. ಹುಡುಗ ಚೆನ್ನಾಗಿದ್ದಾನೆ. ಅವನು ವಾಪಸು ಬರಲೆಂದು ಲಿಂಗಪ್ಪ ತೂಬನ್ನು ತೆಗೆದೇ ಇಟ್ಟಿದ್ದಾನೆ.

ಚಿಕ್ಕಣ್ಣ ಹೇಳಿದ್ದನ್ನು ಮಗಳು ಮಾನಸ ಫೋನಿನಲ್ಲಿ ಟೈಪ್ ಮಾಡುತ್ತಿದ್ದಳು.

"ಅಪ್ಪಾ, ಇದು ಹಿಸ್ಟರಿನೋ ಸೈನ್ಸೋ? ಒಂದ್ ಕಡೆ ನಿಂತ್ಕೊಳಪ್ಪ."

"ನೀರಿಗೆ ಅದೆಲ್ಲ ಗೊತ್ತಾಗಲ್ಲ ಕಣೇ. ನೀನು ಒತ್ತು."

ಈ ಸಲದ ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆಯೂ ಅದೇ ನಡೆದಿತ್ತು. ಯಶೋದಮ್ಮ ಬಾಣಲೆಯ ಮುಂದೆ ಕೂತು ವಡೆ ತಟ್ಟುತ್ತಾ ಕೇಳಿಸಿಕೊಂಡಳು.

"ರೀ, ಆ ಲಿಂಗಪ್ಪ ತೂಬು ತೆಗೆದಿದ್ದು ಯಾವಾಗ?"

"ಹುಡುಗ ಹೋದನಲ್ಲ, ಆವಾಗ."

"ಹಂಗಾದ್ರೆ ಕೆರೇಲಿ ನೀರೆಲ್ಲಿ ಉಳೀತು? ಕೆಳಗಿನ ಗದ್ದೆ ಕೊಚ್ಕೊಂಡ್ ಹೋಗಿರ್ಬೇಕಲ್ಲ. ನಮ್ಮ ಮಾವ ಹಂಗ್ ಬಿಡೋರಾ?"

"ಕತೆ ಕಣೇ ಅದು."

"ಕತೇಲೂ ಗದ್ದೆ ಮಾಡೋರು ಇರ್ತಾರಲ್ಲ. ಅವ್ರು ಏನ್ ತಿನ್ಬೇಕು?"

ಚಿಕ್ಕಣ್ಣ ಕಿಟಕಿಯ ಕಡೆ ತಿರುಗಿದ. ಅವನಪ್ಪ ತೂಬು ಮುಚ್ಚುವ ಮುಂಚೆ ಬಗ್ಗಿ, ಬಾಯನ್ನು ತೂಬಿನ ಕಂಡಿಗೆ ಕೊಟ್ಟು ಕೂಗುತ್ತಿದ್ದ. ಒಳಗೆ ಹೂಳು ತೆಗೆಯುವವರಿದ್ದರೆ ಹೊರಗೆ ಬರಲಿ ಎಂದು. ಮೂರು ಸಲ ಕೂಗಿಯೂ ತನ್ನ ದನಿಯೇ ತಿರುಗಿ ಬಂದರೆ ಮುಚ್ಚಬೇಕು. ಆಮೇಲೆ ಕಾಯುವ ಹಾಗಿಲ್ಲ.

ಒಂದು ಬಾಣಲೆ ವಡೆ ಬೆಂದು ಇಳಿಯಿತು. ಆಮೇಲೆ ಅವನು ಹೇಳತೊಡಗಿದ.

"ಒತ್ತು, ಮಾನಸ. ಲಿಂಗಪ್ಪ ತೂಬಿಗಿಳಿದು ಕೂಗಿದ. ಇನ್ನೊಂದ್ ಸಲ ಕೂಗಿದ. ಮೂರನೇ ಸಲ ಮಧು ಅಂತ ಕೂಗಿದ."

ಕಾದಂಬರಿಯ ಹುಡುಗನಿಗೆ ಅಲ್ಲಿಯವರೆಗೆ ಹೆಸರಿರಲಿಲ್ಲ. ಮಾನಸಳ ಬೆರಳು ನಿಂತಿತು.

"ಯಾಕೆ ನಿಲ್ಲಿಸ್ದೆ?"

"ಏನಿಲ್ಲಪ್ಪ. ಹೇಳು."

"ಯಾರೂ ಓಗೊಡಲಿಲ್ಲ ಅಂತ ಹಾಕು. ಲಿಂಗಪ್ಪ ತೂಬು ಮುಚ್ಚಿದ. ಅಷ್ಟೇ."

ಯಶೋದಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದು, ಹಿರಿಯರ ಎಲೆಗಳ ಕೊನೆಯಲ್ಲಿ ಇನ್ನೊಂದು ಎಲೆ ಹಾಸಿದಳು. ಗಂಡ ಬೇಡವೆನ್ನಲಿಲ್ಲ. "ಅವನಿಗೆ ಗರಿಗರಿ ಆಗ್ತಿರ್ಲಿಲ್ಲ. ಮೆತ್ತಗಿರೋದು ಇಡು," ಎಂದ.

ಅವಳು ಪಾತ್ರೆಯ ತಳದಲ್ಲಿ ಕೈಯಾಡಿಸಿ, ಮೊದಲು ಕರಿದ, ಆರಿ ಮೆತ್ತಗಾಗಿದ್ದ ವಡೆಗಳನ್ನು ಆರಿಸಿ ಬಡಿಸಿದಳು.