ಅರಿಶಿನ ನೀರಿಗೆ ಬೇಕಾದ ನಂಟು

ಕಲೆಯಾದರೂ ಚಿಂತೆಯಿಲ್ಲವೆಂದು, ಹೊಲಿಗೆ ತಪ್ಪಿದ ಎರಡು ಬನಿಯನ್ನುಗಳನ್ನು ತಿರುಪ್ಪೂರಿನಲ್ಲಿ ಚೌಕಾಸಿ ಮಾಡಿ ನೂರು ರೂಪಾಯಿಗೆ ತಂದೆ. ನಾವಿರುವ ತಮಿಳುನಾಡಿನ ಮಡತ್ತುಕುಳಂನಲ್ಲಿ ಮಾರಿಯಮ್ಮನ ಹಬ್ಬ ಮುಗಿದ ಮೇಲೆ ಬೀದಿಯೆಲ್ಲ ಅರಿಶಿನ ನೀರಿನ ಎರಚಾಟ. ಆದರೆ ಎರಚುವುದು ಸೋದರಮಾವ, ಸೋದರತ್ತೆಯ ಮಕ್ಕಳಿಗೆ ಮಾತ್ರ. ಮೈಸೂರಿನಿಂದ ಕೆಲಸಕ್ಕೆ ಬಂದ ನಮಗೆ ಇಲ್ಲಿ ನಂಟರೆಲ್ಲಿ? ನನ್ನ ಮಗಳು ಒಣ ಬನಿಯನ್ನಿನಲ್ಲೇ ತುಟಿ ಕಚ್ಚಿ ನಿಂತಳು.

ಪಕ್ಕದ ಮನೆಯ ಸರೋಜಕ್ಕ, ತಲೆಮಾರುಗಳಿಂದ ಇಲ್ಲೇ ಇರುವ ಕನ್ನಡದ ನೇಕಾರರು, ನನ್ನತ್ತ ಕೈ ತೋರಿಸಿ ತಮ್ಮ ಮಕ್ಕಳನ್ನು ತಮಿಳು ಬೆರೆತ ಕನ್ನಡದಲ್ಲಿ ಗದರಿದರು.

“ಏನ್ರಾ ಸುಮ್ನೆ ಅವಳನ್ನ ಪಾರ್ತಾ ನಿಂತಿದ್ದೀರಿ? ಇವ ನನ್ ತಮ್ಮ. ಇದು ನಿಮ್ ಮಾಮನ ಮಗ್ಳು. ಹುಯ್ರಾ!”

ಬಿಂದಿಗೆಗಳು ಒಟ್ಟಿಗೇ ಬೋರಲಾದವು. ಅಡಿಯಿಂದ ಮುಡಿಯವರೆಗೆ ಹಳದಿಯಾದ ಮಗಳು ಚೊಂಬು ಕಿತ್ತುಕೊಂಡು ಅವರನ್ನೇ ಅಟ್ಟಿಸಿಕೊಂಡು ಹೋದಳು. “ಅಪ್ಪಾ, ನೀರು ತಾ!” ನನ್ನೆದೆ ಉಬ್ಬಿತು.

ನೀವೂ ಬರುವುದಾದರೆ ಮೊದಲು ಇಲ್ಲಿ ಯಾರಿಗಾದರೂ ತಮ್ಮನಾಗಿ. ಬನಿಯನ್ ಆಮೇಲೆ ಕೊಳ್ಳಿ.